ಹಿಟ್ಟಿನ ಕೋಳಿಯ ಕೂಗು: ಯಂತ್ರಗಾನದ ಕಥೆಗಳನ್ನು ಕುರಿತು ಒಂದು ವಿಚಾರ

೧. ವಿಷಯಪ್ರವೇಶ

ಯಂತ್ರಕ್ಕೆ ಬುದ್ಧಿಯನ್ನು ಕಲ್ಪಿಸಿ, ಆ ಬುದ್ಧಿಯಿಂದ ಗಾನವನ್ನು ಹಾಡಿಸುವ ಕಥೆಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿವೆ. ಜರ್ಮನಿಯ ಹಾಫ್‌ಮನ್ನನು ೧೮೧೬ರಲ್ಲಿ ಪ್ರಕಟಿಸಿದ 'ಸ್ಯಾಂಡ್‌ಮನ್' ಎಂಬ ಕಥೆಯಲ್ಲಿ ಒಲಿಂಪಿಯಾ ಎಂಬ ಯಂತ್ರಕನ್ಯೆಯು ಸಭೆಯಲ್ಲಿ ವಾದ್ಯವನ್ನು ನುಡಿಸಿ ಹಾಡುತ್ತಾಳೆ. ಕಥಾನಾಯಕನು ಅವಳನ್ನು ಮೆಚ್ಚಿ ಮರುಳಾಗುತ್ತಾನೆ. ಅವನ ಗೆಳೆಯನಿಗಾದರೋ ಅವಳ ಹಾಡಿನಲ್ಲಿ ಲಯವು ಎಳ್ಳಷ್ಟೂ ತಪ್ಪದಿರುವುದೇ ಅಸಹನೀಯವಾಗುತ್ತದೆ. ಅಂದು ಕಲ್ಪನೆಯಾಗಿದ್ದುದು ಇಂದು ವ್ಯವಹಾರವಾಗಿದೆ. ನಾಲ್ಕು ಮಾತುಗಳಲ್ಲಿ ಬೇಕಾದುದನ್ನು ಸೂಚಿಸಿದ ಮಾತ್ರಕ್ಕೆ ಸಾಹಿತ್ಯ, ಧಾತು, ಕಂಠ ಮೂರನ್ನೂ ಕೂಡಿಸಿ ಹಾಡೊಂದನ್ನು ಕಟ್ಟಿಕೊಡುವ ಯಂತ್ರಗಳು ಈಗ ಎಲ್ಲರ ಕೈಗೂ ಎಟಕುತ್ತಿವೆ. ಆದಕಾರಣ ಇಂತಹ ಕಥೆಗಳನ್ನು ವಿನೋದಕ್ಕಾಗಿ ಓದಿ ಮುಚ್ಚಿಡುವ ಕಾಲವು ಕಳೆಯಿತೆಂದೇ ಹೇಳಬೇಕು. ಸಾಹಿತ್ಯವನ್ನು ಬೋಧಿಸುವವರು ಇವುಗಳ ಒಳಗಿನ ಪ್ರಶ್ನೆಯನ್ನು ಎತ್ತಿ ನೋಡುವುದು ಯುಕ್ತವಾಗಿದೆ.

ಆ ಪ್ರಶ್ನೆ ಯಾವುದು? ಒಂದು ಧ್ವನಿಯನ್ನು ನಾವು 'ಗಾನ'ವೆಂದು ಕರೆಯುವುದು ಅದರ ಸ್ವರಸಂನಿವೇಶದಿಂದಲೋ, ಹಾಡಿದವನ ಚೈತನ್ಯದಿಂದಲೋ, ಅಥವಾ ಕೇಳುವವನ ಚಿತ್ತದಿಂದಲೋ ಎಂಬುದೇ ಆ ಪ್ರಶ್ನೆ. ಮೊದಲನೆಯ ಪಕ್ಷವು ನಿಜವಾದರೆ ಯಂತ್ರಗಾನವೂ ಗಾನವೇ. ಎರಡನೆಯದು ನಿಜವಾದರೆ ಅದು ಗಾನಾಭಾಸ. ಮೂರನೆಯದು ನಿಜವಾದರೆ ಭಾರವೆಲ್ಲವೂ ನಮ್ಮ ಮೇಲೆಯೇ ಬೀಳುತ್ತದೆ. ಈ ಮೂರು ಪಕ್ಷಗಳನ್ನೂ ಒಂದೇ ಕಥೆಯೊಳಗೆ ಇಟ್ಟು ಪರೀಕ್ಷಿಸಿದ ಕೃತಿಯು ಕನ್ನಡದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಹುಟ್ಟಿದೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಕೃತಿಯು ಜನ್ನಕವಿಯ 'ಯಶೋಧರ ಚರಿತೆ'.

೨. ಜನ್ನನ ಕಾವ್ಯದ ಮೂರು ಧ್ವನಿಗಳು

ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು ಈ ಕಾವ್ಯವನ್ನು ೧೨೦೯ರಲ್ಲಿ ಮುಗಿಸಿದನು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಎಂದರೆ ಇಂದಿನ ಅಂಗಡಿಯು, ಈ ಲೇಖಕನಿರುವ ಬಾಳೂರಿನಂತೆಯೇ ಮೂಡಿಗೆರೆಯ ತಾಲ್ಲೂಕಿಗೆ ಸೇರಿದ್ದು, ಅಲ್ಲಿಯ ಬಸದಿಗಳು ಇಂದಿಗೂ ನಿಂತಿವೆ. ಸಳನಿಗೆ ಹುಲಿಯನ್ನು ಹೊಯ್ಯೆಂದು ಹೇಳಿದ ಮುನಿಯ ಹೆಸರು ಸುದತ್ತ. ಯಶೋಧರನ ಕಥೆಯಲ್ಲಿ ಅಭಯರುಚಿ ಅಭಯಮತಿಯರನ್ನು ಕರೆತರುವ ಆಚಾರ್ಯನ ಹೆಸರೂ ಸುದತ್ತನೇ. ಇಬ್ಬರೂ ಒಬ್ಬನೇ ಎಂದು ಹೇಳುವುದಕ್ಕೆ ಆಧಾರವಿಲ್ಲ. ಆದರೂ ಒಬ್ಬನು ಕೊಲ್ಲೆಂದು ನುಡಿದ ಸುದತ್ತ, ಇನ್ನೊಬ್ಬನು ಕೊಲೆಯ ಸಂಕಲ್ಪವೂ ಕೂಡದೆಂದು ಬೋಧಿಸುವ ಸಂಘದ ಸುದತ್ತ. ಹೊಯ್ಸಳರ ಆಸ್ಥಾನದಲ್ಲಿ ಈ ಕಾವ್ಯವನ್ನು ಕೇಳಿದವರ ಮನಸ್ಸಿಗೆ ಈ ನಾಮಸಾಮ್ಯವು ಹೊಳೆಯದೆ ಇದ್ದೀತೆ?

ಕಥೆಯು ವಾಚಕರಿಗೆ ವಿದಿತವಾದುದೇ ಆಗಿರುವುದರಿಂದ ವಿಸ್ತರಿಸುವ ಅಗತ್ಯವಿಲ್ಲ. ಅದರಲ್ಲಿ ಬರುವ ಮೂರು ಧ್ವನಿಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಮಾವುತನ ಗಾನ. ಇರುಳಿನಲ್ಲಿ ಗಜಶಾಲೆಯ ಕಡೆಯಿಂದ ಬಂದ ಹಾಡನ್ನು ರಾಣಿ ಅಮೃತಮತಿಯು ಕೇಳುತ್ತಾಳೆ. ಹಾಡಿದವನನ್ನು ಕಾಣುವ ಮೊದಲೇ ಅವಳ ಮನಸ್ಸು ಸೋತಿರುತ್ತದೆ. ನೋಡಿಬಾರೆಂದು ಕಳುಹಿಸಿದ ಸಖಿಯು ಮರಳಿ ಬಂದು ಅಷ್ಟಾವಂಕನ ವಿಕಾರವನ್ನು ಅಂಗಾಂಗವಾಗಿ ವರ್ಣಿಸಿದರೂ ಅವಳು ಕದಲುವುದಿಲ್ಲ. ಧ್ವನಿಯು ಧ್ವನಿಸಿದವನ ಶರೀರದಿಂದ ಬಿಡಿಸಿಕೊಂಡು ಬಂದು ಸ್ವತಂತ್ರವಾಗಿ ಕೆಲಸಮಾಡುತ್ತದೆ. ಮರೆಯಲ್ಲಿದ್ದು ಹಾಡುವ ಆ ಕಂಠಕ್ಕೂ ಪೆಟ್ಟಿಗೆಯೊಳಗಿಂದ ಹಾಡುವ ಕಂಠಕ್ಕೂ, ಕೇಳುವವಳ ದೃಷ್ಟಿಯಿಂದ, ಏನು ಭೇದ? ಅವಳು ಪ್ರೀತಿಸಿದುದು ಮಾವುತನನ್ನೋ ಅಥವಾ ಹಾಡಿನಿಂದ ತಾನೇ ಕಲ್ಪಿಸಿಕೊಂಡ ಒಬ್ಬನನ್ನೋ ಎಂಬ ಸಂದೇಹವನ್ನು ಕವಿಯು ಪರಿಹರಿಸದೆಯೇ ಬಿಟ್ಟಿದ್ದಾನೆ.

ಎರಡನೆಯದು ಹಿಟ್ಟಿನ ಕೋಳಿಯ ಕೂಗು. ಹೆಂಡತಿಯ ದ್ರೋಹವನ್ನು ಕಂಡ ಯಶೋಧರನು ಅದನ್ನು ಕನಸೆಂದು ಮರೆಸಿ ತಾಯಿಗೆ ಹೇಳಲು, ಚಂದ್ರಮತಿಯು ಶಾಂತಿಗಾಗಿ ಪ್ರಾಣಿಬಲಿಯನ್ನು ಕೊಡೆನ್ನುತ್ತಾಳೆ. ಅವನು ಒಲ್ಲೆನೆನ್ನುತ್ತಾನೆ. ಕಡೆಗೆ ಇಬ್ಬರಿಗೂ ಒಪ್ಪಿಗೆಯಾದ ನಡುದಾರಿಯೆಂದರೆ ಹಿಟ್ಟಿನಿಂದ ಮಾಡಿದ ಕೋಳಿ. ಶಿಲ್ಪಿಯ ಕೈಯಲ್ಲಿ ಅದು ಸಜೀವವಾದ ಹುಂಜದಂತೆಯೇ ಬಣ್ಣಗೊಂಡು ನಿಲ್ಲುತ್ತದೆ. ಅದರ ಅಂದಕ್ಕೆ ಒಲಿದು ಬೆಂತರವೊಂದು ಅದರೊಳಗೆ ಸೇರುತ್ತದೆ. ಅರಸನು ಕತ್ತಿಯನ್ನು ಬೀಸಲು ಆ ಹಿಟ್ಟು ಕೂಗುತ್ತದೆ. ಆ ಕೂಗಿನಲ್ಲಿ ಯಶೋಧರನಿಗೆ ತಾನು ಮಾಡಿದ್ದೇನೆಂಬುದು ತಿಳಿಯುತ್ತದೆ. ಆಮೇಲೆ ತಾಯಿಮಕ್ಕಳು ನವಿಲು ನಾಯಿಗಳಿಂದ ತೊಡಗಿ ಜನ್ಮಜನ್ಮಾಂತರಗಳಲ್ಲಿ ತೊಳಲುವ ಕಥೆಯು ಆ ಒಂದು ಕೂಗಿನ ಫಲ.

ಮೂರನೆಯದು ನಿಜವಾದ ಕೋಳಿಗಳ ಕೂಗು. ಹಲವು ಜನ್ಮಗಳ ತರುವಾಯ ಇಬ್ಬರೂ ಕೋಳಿಗಳಾಗಿ ಹುಟ್ಟಿ, ಚಂಡಕರ್ಮನಿಗೆ ಮುನಿಯು ಮಾಡಿದ ಧರ್ಮೋಪದೇಶವನ್ನು ಪಂಜರದಲ್ಲಿದ್ದುಕೊಂಡು ಕೇಳಿ, ಪೂರ್ವಜನ್ಮಸ್ಮರಣೆಯುಂಟಾಗಿ, ಸಂತೋಷದಿಂದ ಕೂಗುತ್ತವೆ. ಅದೇ ವೇಳೆಗೆ ಸಮೀಪದಲ್ಲಿ ವಿಹರಿಸುತ್ತಿದ್ದ ಯಶೋಮತಿರಾಜನು ತನ್ನ ಶಬ್ದವೇಧಿವಿದ್ಯೆಯನ್ನು ರಾಣಿಗೆ ತೋರಿಸಲೆಂದು ಆ ಕೂಗಿನ ದಿಕ್ಕಿಗೆ ಬಾಣವನ್ನು ಬಿಡುತ್ತಾನೆ. ಎರಡೂ ಸಾಯುತ್ತವೆ. ಬಾಣ ಬಿಟ್ಟವನು ಯಶೋಧರನ ಮಗನೇ.

ಈ ಮೂರನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಮೊದಲನೆಯದರಲ್ಲಿ ಧ್ವನಿಯು ಉತ್ತಮ, ಧ್ವನಿಸಿದವನು ನೀಚ, ಕೇಳುಗಳು ಮರುಳಾದಳು. ಎರಡನೆಯದರಲ್ಲಿ ಧ್ವನಿಸಿದ ವಸ್ತುವಿಗೆ ತನ್ನದೆಂಬ ಪ್ರಾಣವಿಲ್ಲ, ಕೇಳುಗನು ಎಚ್ಚತ್ತನು. ಮೂರನೆಯದರಲ್ಲಿ ಧ್ವನಿಯೊಳಗೆ ಒಂದು ಪೂರ್ಣವಾದ ಚೇತನವೂ ಧರ್ಮಾನಂದವೂ ಇದ್ದರೂ ಕೇಳುಗನಿಗೆ ಅದು ಗುರಿಯ ಸಂಜ್ಞೆಯಷ್ಟೇ ಆಯಿತು. ಹಾಡಿನ ಸೊಗಸಾಗಲಿ, ಕೂಗಿದುದರ ಜೀವವಾಗಲಿ ಫಲವನ್ನು ನಿರ್ಣಯಿಸಲಿಲ್ಲ. ಮೂರರಲ್ಲಿಯೂ ನಿರ್ಣಯಿಸಿದ್ದು ಕೇಳಿದವರ ಚಿತ್ತ, ಹಾಗೂ ಮಾಡಿದವರ ಸಂಕಲ್ಪ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಹಿಟ್ಟಿನ ಕೋಳಿಯು ಯಂತ್ರವಲ್ಲವಷ್ಟೆ ಎಂಬುದು ಒಂದು. ನಿಜ, ಅದರಲ್ಲಿ ಕೀಲೂ ಇಲ್ಲ, ಗಣಿತವೂ ಇಲ್ಲ. ಆದರೆ ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಜೀವಂತವಸ್ತುವಿನ ಅನುಕೃತಿಯನ್ನು ರಚಿಸಿದನು, ಆ ಅನುಕೃತಿಯು ರಚಿಸಿದವನು ನಿರೀಕ್ಷಿಸದ ಧ್ವನಿಯನ್ನು ಹೊರಡಿಸಿತು ಎಂಬ ಅಂಶದಲ್ಲಿ ಎರಡಕ್ಕೂ ಸಾಮ್ಯವಿದೆ. ಉಪಮಾನಕ್ಕೆ ಇಷ್ಟು ಸಾಕು. ಬೆಂತರವು ಹೊಕ್ಕಿದ್ದರಿಂದ ಅದು ಸಜೀವವೇ ಆಯಿತಲ್ಲವೆ ಎಂಬುದು ಇನ್ನೊಂದು. ಬೆಂತರವು ಕತ್ತಿಯಿಂದ ಸಾಯುವುದಿಲ್ಲ. ಕಡಿಯುವಾಗ ಅದು ಅಲ್ಲಿರುವುದೂ ಯಶೋಧರನಿಗೆ ಗೊತ್ತಿರಲಿಲ್ಲ. ಆದ್ದರಿಂದ ಅವನಿಗೆ ಅಂಟಿದ ಪಾಪವು ಬೆಂತರದ ಕೊಲೆಯದಲ್ಲ, ಹುಂಜವನ್ನು ಕಡಿಯುತ್ತಿದ್ದೇನೆಂಬ ಭಾವದ್ದು. ದ್ರವ್ಯಹಿಂಸೆಗಿಂತ ಭಾವಹಿಂಸೆಯೇ ಬಂಧಕವೆಂಬ ಜೈನಸಿದ್ಧಾಂತವು ಇದಕ್ಕೆ ಮೂಲ. ಕೂಗು ಆ ಭಾವಕ್ಕೆ ಸಾಕ್ಷಿಯಾಗಿ ಬಂದಿತೇ ಹೊರತು ಕಾರಣವಾಗಿ ಬರಲಿಲ್ಲ. ೧೯೮೦ರಲ್ಲಿ ಗಿರೀಶ ಕಾರ್ನಾಡರು ಇದೇ ಕಥೆಯನ್ನು ಹಿಡಿದು ಬರೆದ ನಾಟಕಕ್ಕೆ 'ಹಿಟ್ಟಿನ ಹುಂಜ' ಎಂದೇ ಹೆಸರಿಟ್ಟುದು ಕಥೆಯ ಮರ್ಮವೆಲ್ಲಿದೆಯೆಂಬುದನ್ನು ಸೂಚಿಸುತ್ತದೆ.

೩. ಶ್ರೀರಂಗಪಟ್ಟಣದ ಹುಲಿ

ಕಾವ್ಯದಲ್ಲಿ ಕಂಡ ಈ ತತ್ತ್ವಕ್ಕೆ ಕನ್ನಡನಾಡಿನ ಇತಿಹಾಸದಲ್ಲಿ ಪ್ರತ್ಯಕ್ಷವಾದ ಯಂತ್ರವೊಂದು ದೃಷ್ಟಾಂತವಾಗಿ ದೊರೆಯುತ್ತದೆ. ಟಿಪ್ಪು ಸುಲ್ತಾನನಿಗಾಗಿ ೧೭೯೦ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ರಚಿತವಾದ ಮರದ ಹುಲಿಯು ಐರೋಪ್ಯ ಸಿಪಾಯಿಯೊಬ್ಬನ ಮೇಲೆ ಬಿದ್ದು ಕಂಠವನ್ನು ಕಚ್ಚಿಹಿಡಿದಿರುವಂತೆ ಕೆತ್ತಲ್ಪಟ್ಟಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳಿಂದ ಗಾಳಿಯು ಹೊರಟು ಸಿಪಾಯಿಯ ನರಳಾಟವೂ ಹುಲಿಯ ಗರ್ಜನೆಯೂ ಕೇಳಿಬರುತ್ತವೆ; ಸಿಪಾಯಿಯ ಕೈಯು ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯ ಬಾಗಿಲನ್ನು ತೆರೆದರೆ ೧೮ ಗುಂಡಿಗಳ ಕೊಳವೆವಾದ್ಯವೊಂದು ಕಾಣುತ್ತದೆ; ಅದರ ಮೇಲೆ ರಾಗವನ್ನೂ ನುಡಿಸಬಹುದು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಇಂಗ್ಲಿಷರು ಇದನ್ನು ಸಾಗಿಸಿದರು. ಈಗ ಅದು ಲಂಡನ್ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಗರ್ಜನೆ, ನರಳಾಟ, ಸಂಗೀತ ಈ ಮೂರೂ ಒಂದೇ ಯಂತ್ರದಿಂದ ಬರುತ್ತವೆ. ಮರಕ್ಕೆ ದ್ವೇಷವಿಲ್ಲ, ನೋವೂ ಇಲ್ಲ. ಆದರೂ ಅದನ್ನು ಮಾಡಿಸಿದವನ ಸಂಕಲ್ಪವು ಆ ಧ್ವನಿಯಲ್ಲಿ ನೆಲೆಸಿತ್ತು. ಅದನ್ನು ವಶಪಡಿಸಿಕೊಂಡು ತಮ್ಮ ರಾಜಧಾನಿಯಲ್ಲಿ ಪ್ರದರ್ಶನಕ್ಕಿಟ್ಟವರು ಅದೇ ಧ್ವನಿಯನ್ನು ಬೇರೊಂದು ಸಂಕಲ್ಪದಿಂದ ಕೇಳಿದರು. ಹಿಡಿಯೊಂದೇ, ನಾದವೊಂದೇ, ಅರ್ಥವು ತಲೆಕೆಳಗಾಯಿತು. ಯಂತ್ರದ ಧ್ವನಿಗೆ ಸ್ವತಂತ್ರವಾದ ಅಭಿಪ್ರಾಯವಿಲ್ಲದಿದ್ದರೂ ಅದು ಅಭಿಪ್ರಾಯಶೂನ್ಯವಾಗಿ ಇರಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

೪. ಗಣಿತದಿಂದ ಹುಟ್ಟುವ ಗಾನ

ಟಿಪ್ಪುವಿನ ಹುಲಿಗೆ ನುಡಿಸುವವನು ಬೇಕು. ಇಂದಿನ ಕಥೆಗಳಲ್ಲಿ ಬರುವ ಯಂತ್ರವು ತಾನೇ ರಚಿಸುತ್ತದೆ. ರಚನೆಯು ಗಣಿತದಿಂದ ಸಾಧ್ಯವೇ ಎಂದರೆ, ನಮ್ಮ ಶಾಸ್ತ್ರಕಾರರು ಅದರ ಒಂದು ಭಾಗವನ್ನು ಬಹಳ ಹಿಂದೆಯೇ ಸಾಧಿಸಿದ್ದಾರೆ.

ಜನ್ನನ ಸಮಕಾಲೀನನೆನ್ನಬಹುದಾದ ಶಾರ್ಙ್ಗದೇವನು ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ 'ಸಂಗೀತರತ್ನಾಕರ'ವನ್ನು ರಚಿಸಿದನು. ಅದರ ಸ್ವರಗತಾಧ್ಯಾಯದಲ್ಲಿ ಕೂಟತಾನಗಳ ಪ್ರಸ್ತಾರವನ್ನು ವಿವರಿಸಿದ್ದಾನೆ. ಏಳು ಸ್ವರಗಳನ್ನು ಪುನರುಕ್ತಿಯಿಲ್ಲದೆ ಜೋಡಿಸುವ ಕ್ರಮಗಳು ಒಟ್ಟು ೫೦೪೦. ಸ್ವಾರಸ್ಯವಿರುವುದು ಎಣಿಕೆಯಲ್ಲಿ ಅಲ್ಲ. ಯಾವ ಸಂಖ್ಯೆಯನ್ನು ಹೇಳಿದರೂ ಅಲ್ಲಿರುವ ತಾನವನ್ನು ತೆಗೆದುಕೊಡುವ 'ನಷ್ಟ', ಯಾವ ತಾನವನ್ನು ಹೇಳಿದರೂ ಅದರ ಸಂಖ್ಯೆಯನ್ನು ಹೇಳುವ 'ಉದ್ದಿಷ್ಟ', ಇವೆರಡಕ್ಕೂ ಸಾಧನವಾದ ಖಂಡಮೇರು, ಇವುಗಳಲ್ಲಿ. ನಾಗವರ್ಮನ 'ಛಂದೋಂಬುಧಿ'ಯ ಷಟ್ಪ್ರತ್ಯಯಗಳನ್ನು ಪಾಠಹೇಳಿದವರಿಗೆ ಈ ಮಾರ್ಗವು ಪರಿಚಿತವೇ. ಗುರುಲಘುಗಳ ಸ್ಥಾನದಲ್ಲಿ ಇಲ್ಲಿ ಸ್ವರಗಳು ನಿಲ್ಲುತ್ತವೆ.

ಚಿಕ್ಕ ಉದಾಹರಣೆಯೊಂದನ್ನು ಕೊಡುವೆನು. ಸ ರಿ ಗ ಎಂಬ ಮೂರು ಸ್ವರಗಳ ಪ್ರಸ್ತಾರವು ಆರು: ಸರಿಗ, ರಿಸಗ, ಸಗರಿ, ಗಸರಿ, ರಿಗಸ, ಗರಿಸ. ಮೊದಲೆರಡರ ಕೊನೆಯಲ್ಲಿ ಗಾಂಧಾರ, ನಡುವಿನ ಎರಡರ ಕೊನೆಯಲ್ಲಿ ರಿಷಭ, ಕಡೆಯ ಎರಡರ ಕೊನೆಯಲ್ಲಿ ಷಡ್ಜ. ನಾಲ್ಕನೆಯದು ಯಾವುದೆಂದು ಕೇಳಿದರೆ, ನಾಲ್ಕು ಎರಡನೆಯ ಜೋಡಿಯೊಳಗೆ ಬೀಳುವುದರಿಂದ ಕೊನೆಯ ಸ್ವರ ರಿಷಭವೆಂದು ತಿಳಿಯಿತು. ಉಳಿದ ಸ ಗ ಎಂಬೆರಡರಲ್ಲಿ ಇದು ಜೋಡಿಯ ಎರಡನೆಯದಾದ್ದರಿಂದ ಕ್ರಮವು ತಿರುಗಿ ಗ ಸ ಆಯಿತು, ಉತ್ತರ ಗಸರಿ. ಏಳು ಸ್ವರಗಳಲ್ಲಿಯೂ ಇದೇ ವಿಧಾನ; ಅಲ್ಲಿ ಒಂದೊಂದು ಅಂತ್ಯಸ್ವರಕ್ಕೂ ೭೨೦ ತಾನಗಳಿರುತ್ತವೆ. ಸ್ವರಜ್ಞಾನವಿಲ್ಲದವನೂ, ಕಿವುಡನೂ ಇದನ್ನು ಮಾಡಬಲ್ಲನು. ಆದುದರಿಂದ ಯಂತ್ರವೂ ಮಾಡಬಲ್ಲದು.

ಹದಿನೇಳನೆಯ ಶತಮಾನದಲ್ಲಿ ವೇಂಕಟಮಖಿಯು ಈ ದಾರಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ದನು. ಕನ್ನಡಿಗರ ಮನೆತನದ ಗೋವಿಂದದೀಕ್ಷಿತರ ಮಗನಾದ ಈತನು ತಂಜಾವೂರಿನಲ್ಲಿ ಬರೆದ 'ಚತುರ್ದಂಡೀಪ್ರಕಾಶಿಕೆ'ಯಲ್ಲಿ, ಪೂರ್ವಾಂಗದ ಆರು ಭೇದಗಳನ್ನು ಉತ್ತರಾಂಗದ ಆರರಿಂದ ಗುಣಿಸಿ, ಮಧ್ಯಮದ ಎರಡು ಭೇದಗಳಿಂದ ಮತ್ತೆ ಗುಣಿಸಿ, ೭೨ ಮೇಳಗಳನ್ನು ಸಾಧಿಸಿದನು. ಅವುಗಳಲ್ಲಿ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದುವೆಂದು ಅವನು ವಿವರಿಸಿದ್ದು ೧೯ನ್ನು ಮಾತ್ರ. ಉಳಿದ ೫೩ ಏತಕ್ಕೆ ಎಂಬ ಪ್ರಶ್ನೆಯನ್ನು ಅವನೇ ಎತ್ತಿಕೊಂಡು, ಮುಂದೆ ಹುಟ್ಟಬಹುದಾದ ರಾಗಗಳಿಗೂ ದೇಶಾಂತರಗಳ ರಾಗಗಳಿಗೂ ಅವು ಸ್ಥಾನವೆಂದು ಸಮಾಧಾನವನ್ನು ಹೇಳಿದ್ದಾನೆ. ಎಂದರೆ ಗಣಿತವು ಮನೆಗಳನ್ನು ಕಟ್ಟಿಟ್ಟಿತು. ಒಳಗೆ ವಾಸಮಾಡುವವರು ಬರಬೇಕಾಗಿತ್ತು. ಮೇಳವೆಂಬುದು ಲೆಕ್ಕದಿಂದ ಸಿದ್ಧವಾದರೂ ರಾಗವೆಂಬುದು ಗಾಯಕರ ಕಂಠದಲ್ಲಿಯೂ ರಸಿಕರ ಕಿವಿಯಲ್ಲಿಯೂ ನೆಲೆಗೊಂಡ ಮೇಲೆಯೇ ರಾಗವಾಯಿತು.

ಪಾಶ್ಚಾತ್ಯರಲ್ಲಿ ಗಣಕಯಂತ್ರವನ್ನು ಕಲ್ಪಿಸಿದ ಬ್ಯಾಬೇಜನ ಯಂತ್ರಕ್ಕೆ ೧೮೪೩ರಲ್ಲಿ ಟಿಪ್ಪಣಿಗಳನ್ನು ಬರೆದ ಏಡಾ ಲವ್‌ಲೇಸ್ ಎಂಬಾಕೆಯು, ಸ್ವರಗಳ ಪರಸ್ಪರಸಂಬಂಧಗಳನ್ನು ನಿಯಮಗಳಿಗೆ ಅಳವಡಿಸಬಹುದಾದರೆ ಆ ಯಂತ್ರವು ಸಂಗೀತವನ್ನೂ ರಚಿಸೀತು ಎಂದು ಸೂಚಿಸಿದಳು. ೧೯೫೭ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹಿಲ್ಲರ್ ಮತ್ತು ಐಸಾಕ್‌ಸನ್ ಎಂಬವರು ಗಣಕಯಂತ್ರದಿಂದ ತಂತೀವಾದ್ಯಗಳಿಗೊಂದು ರಚನೆಯನ್ನು ಮಾಡಿಸಿ ಆ ಸೂಚನೆಯನ್ನು ನಿಜಮಾಡಿದರು. ಇಂದಿನ ಯಂತ್ರಗಳ ವಿಧಾನವು ಪ್ರಸ್ತಾರಕ್ಕಿಂತ ಭಿನ್ನವಾದುದು. ಅವುಗಳಿಗೆ ಲಕ್ಷಣಶಾಸ್ತ್ರವನ್ನು ಯಾರೂ ಬೋಧಿಸುವುದಿಲ್ಲ. ಮನುಷ್ಯರು ಹಾಡಿ ಮುದ್ರಿಸಿದ ಅಸಂಖ್ಯಾತ ಲಕ್ಷ್ಯಗಳನ್ನು ಅವುಗಳ ಮುಂದೆ ಸುರಿದಾಗ, ಯಾವ ಧ್ವನಿಯ ಮುಂದೆ ಯಾವ ಧ್ವನಿಯು ಬರುವುದು ಸಂಭಾವ್ಯವೆಂಬುದನ್ನು ಅವು ತಾವೇ ಗಣಿಸಿಕೊಂಡು ಅದರಂತೆ ಹೊಸದನ್ನು ಹೆಣೆಯುತ್ತವೆ. ಲಕ್ಷಣವನ್ನು ಓದದೆ ಗುರುವಿನ ಹಿಂದೆ ಕುಳಿತು ಕೇಳಿ ಕೇಳಿ ಕಲಿತ ಶಿಷ್ಯನಂತೆ ಇದು ತೋರುತ್ತದೆ. ಈ ತೋರಿಕೆಯೇ ಕಥೆಗಾರರನ್ನು ಆಕರ್ಷಿಸಿರುವುದು.

ಇದರ ಜೊತೆಗೆ ಇನ್ನೊಂದನ್ನೂ ಗಮನಿಸಬೇಕು. ಬೆಂಗಳೂರಿನಲ್ಲಿ ಕೊಳಲುವಾದಕರೂ ಯಂತ್ರಶಿಲ್ಪಿಗಳೂ ಆದ ಜಿ. ರಾಜನಾರಾಯಣರು ರಾಡೆಲ್ ಸಂಸ್ಥೆಯ ಮೂಲಕ ಹೊರತಂದ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳು ನಾಲ್ಕು ದಶಕಗಳಿಂದ ಕಚೇರಿಗಳಲ್ಲಿ ಬಳಕೆಯಾಗುತ್ತಿವೆ. ತಂಬೂರಿಯ ತಂತಿ ಮೀಟುವವನು ಇಲ್ಲವಾದನೆಂದು ಕೆಲವರು ಮರುಗಿದರೂ ಗಾನವು ಕೆಟ್ಟಿತೆಂದು ಯಾರೂ ಹೇಳಲಿಲ್ಲ. ಏಕೆಂದರೆ ಶ್ರುತಿಯಿಂದ ನಾವು ಆಧಾರವನ್ನು ಬಯಸುತ್ತೇವೆಯೇ ಹೊರತು ಅಭಿಪ್ರಾಯವನ್ನು ಬಯಸುವುದಿಲ್ಲ. ಯಂತ್ರವೆಂಬ ಕಾರಣಕ್ಕೇ ನಮಗೆ ಅಪ್ರಿಯವಾಗುವುದಿಲ್ಲ. ಅಭಿಪ್ರಾಯವನ್ನು ಅರಸುವ ಸ್ಥಾನದಲ್ಲಿ ಯಂತ್ರವು ಬಂದು ಕುಳಿತಾಗಲೇ ಕಳವಳ.

೫. ಎರಡು ಕಾದಂಬರಿಗಳು

ಈ ಕಳವಳವನ್ನೇ ವಸ್ತುವಾಗಿ ಹಿಡಿದ ಹೊರದೇಶದ ಕಾದಂಬರಿಗಳಲ್ಲಿ ಎರಡನ್ನು ಹೆಸರಿಸುವೆನು.

ಫ್ರಾನ್ಸಿನ ವಿಲ್ಯೇ ದ ಲೀಲ್-ಆದಾಂ ಎಂಬವನ 'ಭಾವೀ ಈವ್' ಎಂಬ ಅರ್ಥದ ಹೆಸರಿನ ಕಾದಂಬರಿಯು ೧೮೮೬ರಲ್ಲಿ ಪ್ರಕಟವಾಯಿತು. ೧೮೭೭ರಲ್ಲಿ ಧ್ವನಿಲೇಖನಯಂತ್ರವನ್ನು ಕಂಡುಹಿಡಿದ ಎಡಿಸನ್ನನೇ ಇದರಲ್ಲಿ ಒಂದು ಪಾತ್ರ. ಅಲೀಸಿಯಾ ಎಂಬ ಗಾಯಕಿಯು ರೂಪದಲ್ಲಿಯೂ ಕಂಠದಲ್ಲಿಯೂ ಅಪ್ರತಿಮಳು. ಮನಸ್ಸು ಮಾತ್ರ ಕ್ಷುದ್ರ. ಅವಳನ್ನು ಪ್ರೀತಿಸಿ ನೊಂದ ತರುಣನಿಗಾಗಿ ಎಡಿಸನ್ನನು ಅವಳ ಪಡಿಯಚ್ಚಾದ ಹ್ಯಾಡಲಿ ಎಂಬ ಯಂತ್ರಸ್ತ್ರೀಯನ್ನು ನಿರ್ಮಿಸಿ, ಅವಳ ಶ್ವಾಸಕೋಶಗಳ ಸ್ಥಾನದಲ್ಲಿ ಚಿನ್ನದ ಧ್ವನಿಲೇಖನಯಂತ್ರಗಳೆರಡನ್ನು ಇಡುತ್ತಾನೆ. ಯಶೋಧರ ಚರಿತೆಯನ್ನು ಬಲ್ಲವರಿಗೆ ಇಲ್ಲಿ ಎರಡು ಸಾಮ್ಯಗಳು ಹೊಳೆಯುತ್ತವೆ. ಅಷ್ಟಾವಂಕನಲ್ಲಿ ಕುರೂಪವೂ ಸುಸ್ವರವೂ ಬೇರ್ಪಟ್ಟಂತೆ ಅಲೀಸಿಯಾಳಲ್ಲಿ ಸುಸ್ವರವೂ ಸುಹೃದಯವೂ ಬೇರ್ಪಟ್ಟಿವೆ. ಹಿಟ್ಟಿನ ಕೋಳಿಯಲ್ಲಿ ಬೆಂತರವು ಹೊಕ್ಕಂತೆ ಹ್ಯಾಡಲಿಯಲ್ಲಿಯೂ ಸೊವಾನಾ ಎಂಬ ಅದೃಶ್ಯಚೇತನವೊಂದು ಪ್ರವೇಶಿಸುತ್ತದೆ. ನಿರ್ಮಿಸಿದ ಎಡಿಸನ್ನನೇ ಅದರ ರಹಸ್ಯವನ್ನು ಪೂರ್ಣವಾಗಿ ಅರಿಯನು. ವಿಜ್ಞಾನವನ್ನೇ ವಸ್ತುವಾಗಿ ಹಿಡಿದ ಕಾದಂಬರಿಕಾರನಿಗೂ ಕೊನೆಯಲ್ಲಿ ಬೆಂತರವೊಂದು ಬೇಕಾಯಿತು! ಆದರೆ ಜನ್ನನಲ್ಲಿ ಬೆಂತರವು ಕರ್ತೃವಿನ ಪಾಪವನ್ನು ಬಯಲುಮಾಡುತ್ತದೆ. ವಿಲ್ಯೇಯಲ್ಲಿ ಕರ್ತೃವಿನ ಸಾಹಸಕ್ಕೆ ಕಿರೀಟವಿಡುತ್ತದೆ. ಇದು ದೊಡ್ಡ ಅಂತರ.

ಎರಡನೆಯದು ವಿಲಿಯಂ ಗಿಬ್ಸನ್ನನ 'ಇಡೋರು', ೧೯೯೬ರದು. ಟೋಕಿಯೋ ನಗರದಲ್ಲಿ ಶರೀರವೇ ಇಲ್ಲದ, ಗಣಕಯಂತ್ರಗಳಲ್ಲಿ ಮಾತ್ರ ಇರುವ ರೇ ತೋಯಿ ಎಂಬ ಗಾಯಕಿಯನ್ನು ರೆಜ್ ಎಂಬ ಜೀವಂತ ಗಾಯಕನು ಮದುವೆಯಾಗುವೆನೆನ್ನುತ್ತಾನೆ. ಅವನ ಪರಿವಾರದವರು ದಿಗ್ಭ್ರಾಂತರಾಗುತ್ತಾರೆ. ಇಲ್ಲಿ ಬೆಂತರದ ಪ್ರವೇಶವಿಲ್ಲ. ಜನರ ಬಯಕೆಗಳು ಕೂಡಿಕೂಡಿ ದಟ್ಟವಾದುದೇ ಆ ಗಾಯಕಿಯ ವ್ಯಕ್ತಿತ್ವ. ಅಮೃತಮತಿಯು ಕತ್ತಲೆಯಲ್ಲಿ ಹಾಡಿನಿಂದ ಒಬ್ಬನನ್ನು ಕಲ್ಪಿಸಿಕೊಂಡಳು. ಇಲ್ಲಿ ಒಂದು ಜನಸಮುದಾಯವೇ ಹಾಡಿನಿಂದ ಒಬ್ಬಳನ್ನು ಕಲ್ಪಿಸಿಕೊಂಡಿದೆ.

ಕನ್ನಡದಲ್ಲಿ ವಿಜ್ಞಾನಕಥೆಯ ಪರಂಪರೆಯು ರಾಜಶೇಖರ ಭೂಸನೂರಮಠರಂಥವರಿಂದ ಬೆಳೆದಿದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ೧೯೮೦ರ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನುಹತ್ತಿ ಇದೇ ಮಲೆನಾಡಿನ ಕಾಡನ್ನು ಹೊಕ್ಕರು. ಅಲ್ಲಿ ಪ್ರಯೋಗಶಾಲೆಯ ವಿಜ್ಞಾನಿಗೆ ದಾರಿತೋರುವವನು ಜೇನುಹಿಡಿಯುವ ಮಂದಣ್ಣ. ಯಂತ್ರಗಾನವನ್ನು ವಸ್ತುವಾಗಿಸುವ ಕನ್ನಡದ ಲೇಖಕನಿಗೆ ಈ ಮಾದರಿಯೂ ಜನ್ನನ ಮಾದರಿಯೂ ಕೈಯೆಟಕಿನಲ್ಲಿವೆ, ಟೋಕಿಯೋವರೆಗೆ ಹೋಗಬೇಕಾಗಿಲ್ಲ.

೬. ಶುಕವಾಕ್ಯವಿಚಾರ

ಈಗ ಶಾಸ್ತ್ರದೃಷ್ಟಿಯಿಂದ ನಿರ್ಣಯಕ್ಕೆ ಬರೋಣ. ತನಗೆ ಅರ್ಥವು ತಿಳಿಯದೆ ನುಡಿದವನ ನುಡಿಯಿಂದ ಕೇಳುಗನಿಗೆ ಅರ್ಥಬೋಧವು ಹೇಗಾಗುತ್ತದೆಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಗಿಳಿಯನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ವಕ್ತೃವಿನ ಇಚ್ಛೆಯೇ ತಾತ್ಪರ್ಯ, ಅದರ ಜ್ಞಾನವು ಶಾಬ್ದಬೋಧಕ್ಕೆ ಬೇಕು ಎಂಬುದು ನೈಯಾಯಿಕರ ಮತ. ಗಿಳಿಗೆ ಅಂಥ ಇಚ್ಛೆಯಿಲ್ಲವಾದ್ದರಿಂದ, ಅಲ್ಲಿ ಈಶ್ವರನ ಅಥವಾ ಗಿಳಿಗೆ ಕಲಿಸಿದವನ ತಾತ್ಪರ್ಯವನ್ನು ಅವರು ಅಂಗೀಕರಿಸುತ್ತಾರೆ. ವೇದಾಂತಪರಿಭಾಷಾಕಾರನಾದ ಧರ್ಮರಾಜಾಧ್ವರೀಂದ್ರನು ಇದನ್ನು ಒಪ್ಪದೆ, ಆ ಪ್ರತೀತಿಯನ್ನು ಹುಟ್ಟಿಸುವ ಯೋಗ್ಯತೆಯೇ ತಾತ್ಪರ್ಯ, ಅದು ವಾಕ್ಯದಲ್ಲಿಯೇ ಇದೆ ಎನ್ನುತ್ತಾನೆ. ಧ್ವನಿಪ್ರಸ್ಥಾನದಲ್ಲಿ ಆನಂದವರ್ಧನನು, ವಾಚಕತ್ವವಿಲ್ಲದ ಗೀತಶಬ್ದಗಳಿಂದಲೂ ರಸಾದಿಗಳು ವ್ಯಕ್ತವಾಗುವುದನ್ನು ಕಾಣುತ್ತೇವೆಂದು ಹೇಳಿರುವುದೂ ಇಲ್ಲಿ ಸ್ಮರಣೀಯ.

ಈ ಎರಡನೆಯ ಮತವನ್ನು ಹಿಡಿದರೆ ಯಂತ್ರಗಾನದಿಂದ ರಸಪ್ರತೀತಿಯಾಗುವುದನ್ನು ನಿರಾಕರಿಸಲಾಗದು. ಕೇಳಿ ಕಣ್ಣೀರಿಟ್ಟವನಿಗೆ ನಿನ್ನ ಕಣ್ಣೀರು ಸುಳ್ಳೆಂದು ಹೇಳುವುದು ಅನುಭವವಿರುದ್ಧ. ಆದರೆ ಪ್ರತೀತಿಯಾಯಿತೆಂದ ಮಾತ್ರಕ್ಕೆ ವಿಚಾರವು ಮುಗಿಯಲಿಲ್ಲ. ನೈಯಾಯಿಕನ ಪ್ರಶ್ನೆಯು ಉಳಿದೇ ಇದೆ: ಗಿಳಿಗೆ ಕಲಿಸಿದವರು ಯಾರು?

ಯಂತ್ರವೆಂಬ ಗಿಳಿಗೆ ಕಲಿಸಿದವರು ಒಬ್ಬಿಬ್ಬರಲ್ಲ. ಕಚೇರಿಗಳಲ್ಲಿ ಹಾಡಿದ ವಿದ್ವಾಂಸರು, ಆಕಾಶವಾಣಿಯಲ್ಲಿ ಹಾಡಿದವರು, ಮದುವೆಯ ಮನೆಗಳಲ್ಲಿ ಸೋಬಾನೆ ಹೇಳಿದ ಹೆಂಗಸರು, ಗದ್ದೆಯಲ್ಲಿಯೂ ಕಾಫಿಯ ತೋಟದಲ್ಲಿಯೂ ದುಡಿಯುತ್ತ ಹಾಡಿದವರು, ಹೀಗೆ ಮುದ್ರಿತವಾದ ಕಂಠಗಳೆಲ್ಲವೂ ಅದರ ಗುರುಗಳಾಗಬಲ್ಲವು. ಗುರುವಿನ ಹೆಸರನ್ನು ಹೇಳಿ ಕಿವಿಮುಟ್ಟಿಕೊಳ್ಳುವ ಸಂಪ್ರದಾಯವು ನಮ್ಮ ಗಾಯಕರಲ್ಲಿದೆ. ಯಂತ್ರಕ್ಕೆ ಆ ಸಂಪ್ರದಾಯವಿಲ್ಲ. ಅದರ ಗಾನದಲ್ಲಿ ಯಾರ ಗಮಕವು ಯಾರ ಮೀಂಡಿನೊಡನೆ ಬೆರೆಯಿತೆಂದು ಅದೂ ಹೇಳಲಾರದು, ಅದನ್ನು ಮಾಡಿದವರೂ ಹೇಳಲಾರರು. ಮಡಿದ ಗಾಯಕರ ಕಂಠದಿಂದ ಅವರು ಹಾಡದ ಹಾಡುಗಳನ್ನು ಹಾಡಿಸುವುದೂ ಈಗ ಸಾಧ್ಯವಾಗಿದೆ. ಅಭಿಪ್ರಾಯವನ್ನು ಹೇಳಲಾರದ ಕಂಠದಿಂದ ಅಭಿಪ್ರಾಯವನ್ನು ಹ꞉ೊರಡಿಸುವುದು ಹಿಟ್ಟಿಗೆ ಕೂಗನ್ನು ಕೊಡಿಸುವುದಕ್ಕಿಂತ ಲಘುವಾದ ಕಾರ್ಯವೆಂದು ನನಗೆ ತೋರುವುದಿಲ್ಲ.

ಇದರಿಂದ ಸಿದ್ಧಾಂತವೇನಾಯಿತು? ಯಂತ್ರಕ್ಕೆ ಆತ್ಮವುಂಟೋ ಇಲ್ಲವೋ ಎಂಬುದು ಇಂಥ ಕಥೆಗಳ ಮುಖ್ಯಪ್ರಶ್ನೆಯಲ್ಲ. ಹಿಟ್ಟಿನ ಕೋಳಿಗೆ ಆತ್ಮವುಂಟೋ ಎಂದು ವಾದಿಸುತ್ತ ಕುಳಿತಿದ್ದರೆ ಯಶೋಧರನಿಗೆ ಕೂಗು ಕೇಳಿಸುತ್ತಲೇ ಇರಲಿಲ್ಲ. ಕೊಲ್ಲಬಾರದು, ಆದರೆ ಕೊಂದ ತೃಪ್ತಿಯು ಬೇಕು ಎಂಬ ಎರಡು ಮನಸ್ಸಿನಿಂದ ಅವರು ಕೋಳಿಯನ್ನು ಮಾಡಿಸಿದರು. ಗಾಯಕನು ಬೇಡ, ಆದರೆ ಗಾನವು ಬೇಕು ಎಂಬ ಮನಸ್ಸಿನಿಂದ ನಾವು ಯಂತ್ರವನ್ನು ಮಾಡಿಸುತ್ತಿದ್ದೇವೆಯೇ ಎಂಬುದೇ ವಿಚಾರಾರ್ಹ.

೭. ಉಪಸಂಹಾರ

ಪಾಠಹೇಳುವವರಿಗೂ ಸಂಗ್ರಾಹಕರಿಗೂ ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆಂದು ನನ್ನ ಭಾವನೆ. ಯಶೋಧರ ಚರಿತೆಯನ್ನು ಪಾಠಹೇಳುವಾಗ ಅಮೃತಮತಿಯ ಪ್ರಸಂಗದಲ್ಲಿಯೇ ನಿಲ್ಲುವ ವಾಡಿಕೆಯು ಹೆಚ್ಚು. ಮೂರು ಧ್ವನಿಗಳನ್ನೂ ಒಟ್ಟಿಗೆ ಇಟ್ಟು ಬೋಧಿಸಿದರೆ ಇಂದಿನ ವಿದ್ಯಾರ್ಥಿಗಳಿಗೆ ಆ ಕಾವ್ಯವು ಅವರ ಕೈಯಲ್ಲಿರುವ ಯಂತ್ರವನ್ನು ಕುರಿತೇ ಬರೆದಂತೆ ತೋರುವುದು. ಇದು ಮೊದಲನೆಯದು. ಹಾಡುಗಳನ್ನು ಸಂಗ್ರಹಿಸುವವರು ಪಾಠದೊಡನೆ ಹಾಡಿದವರ ಹೆಸರು, ಊರು, ಕಾಲ, ಅವರಿಗೆ ಕಲಿಸಿದವರು ಯಾರೆಂಬುದು, ಅವರ ಒಪ್ಪಿಗೆ, ಇವುಗಳನ್ನೂ ತಪ್ಪದೆ ಬರೆದಿಡಬೇಕೆಂಬುದು ಎರಡನೆಯದು. 'ಜನಪದ' ಎಂಬ ಒಂದು ಹೆಸರಿನ ಕೆಳಗೆ ಸಾವಿರ ಕಂಠಗಳನ್ನು ಮುಚ್ಚಿಡುವ ನಮ್ಮ ಹಳೆಯ ಅಭ್ಯಾಸವು ಯಂತ್ರದ ಮರೆವಿಗೆ ದಾರಿಯನ್ನು ಮೊದಲೇ ಕಡಿದುಕೊಟ್ಟಂತಾಗಿದೆ.

ಶಬ್ದವೇಧಿಯಾದ ಯಶೋಮತಿಯು ಕೂಗು ಎಲ್ಲಿಂದ ಬಂದಿತೆಂಬುದನ್ನು ಚೆನ್ನಾಗಿ ಬಲ್ಲನು. ಏಕೆ ಬಂದಿತೆಂಬುದನ್ನು ಕೇಳಲಿಲ್ಲ. ಅವನ ವಿದ್ಯೆಯಲ್ಲಿ ಯಾವ ಲೋಪವೂ ಇರಲಿಲ್ಲ. ಬಾಣವು ಗುರಿಯನ್ನು ತಪ್ಪದೆ ಮುಟ್ಟಿತು. ಅವನು ಕೊಂದುದು ತನ್ನ ತಂದೆಯನ್ನೂ ಅಜ್ಜಿಯನ್ನೂ. ಯಂತ್ರಗಾನದ ಕಥೆಯನ್ನು ಬರೆಯುವವರೂ ಓದುವವರೂ ಈ ಪ್ರಸಂಗವನ್ನು ಮನನ ಮಾಡಬೇಕೆಂದು ಪ್ರಾರ್ಥಿಸಿ, ಇಲ್ಲಿ ಸೂಚಿಸಿದ ಸಾಮ್ಯಗಳ ಯುಕ್ತಾಯುಕ್ತತೆಯನ್ನು ವಿದ್ವಾಂಸರ ವಿಮರ್ಶೆಗೆ ಬಿಡುತ್ತೇನೆ.